ಳ ಮತ್ತು ವ ನಡುವಿನ ಖಾಲಿ ಮನೆ

ಉಳ್ಳೂರ್ ಎಂಬ ಹೆಸರು ಕನ್ನಡದ ಕಿವಿಗೆ ಹೊರಗಿನದೆನಿಸುವುದಿಲ್ಲ. ಕುಂದಾಪುರದ ಸೀಮೆಯಲ್ಲಿಯೂ ಒಂದು ಉಳ್ಳೂರು ಉಂಟು. ತಿರುವನಂತಪುರದ ಉಳ್ಳೂರ್ ಮಾತ್ರ ಕವಿಯೊಬ್ಬರ ಹೆಸರಾಗಿ ಕೇರಳದ ಉದ್ದಗಲಕ್ಕೂ ಪರಿಚಿತ. ಆಶಾನ್, ವಳ್ಳತ್ತೋಳ್ ಅವರೊಡನೆ ಮಲಯಾಳದ ಕವಿತ್ರಯರಲ್ಲಿ ಒಬ್ಬರೆಂದು ಎಣಿಸಲಾಗುವ ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್ (1877–1949) ಅವರನ್ನು ಇಲ್ಲಿನ ಜನ ಬರಿಯ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಇಂದು ಇದು ಮೆಡಿಕಲ್ ಕಾಲೇಜಿನ ಆಂಬುಲೆನ್ಸುಗಳೂ ಕಳಕ್ಕೂಟ್ಟಂನ ಟೆಕ್ನೋಪಾರ್ಕಿನ ಕಡೆಗೆ ಹೊರಟ ಬಸ್ಸುಗಳೂ ಒಂದಕ್ಕೊಂದು ದಾರಿ ಕೇಳುವ ಜಂಕ್ಷನ್. ಈ ಗದ್ದಲದಿಂದ ತುಸು ಒಳಗೆ, ಹಲಸಿನ ಮರವೊಂದರ ಪಕ್ಕದ ಕಟ್ಟಡದ ಮೇಲಂತಸ್ತಿನಲ್ಲಿ, ವಾರಕ್ಕೆ ಮೂರು ಸಂಜೆ ನಾವು ಐವರು ಕನ್ನಡಿಗರು ವಿದ್ಯಾರ್ಥಿಗಳಾಗಿ ಕುಳಿತದ್ದು ಕಳೆದ ಮಳೆಗಾಲದಲ್ಲಿ.

ತಿರುವನಂತಪುರದಲ್ಲಿ ಕನ್ನಡದವರು ಹೆಚ್ಚಿಲ್ಲ, ಆದರೆ ಹೊಸಬರೂ ಅಲ್ಲ. ಪದ್ಮನಾಭಸ್ವಾಮಿ ದೇವಾಲಯದ ಪೂಜೆಗೆ ಚಂದ್ರಗಿರಿ ಹೊಳೆಯ ಸೀಮೆಯ ಮನೆತನಗಳಿಂದ ನಂಬಿಗಳು ಬರುವುದು ಹಳೆಯ ವಾಡಿಕೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಸರಕಾರಿ ಕೆಲಸದ ನೆಪದಲ್ಲಿ ಬಂದವರು ಹಲವರು. ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಕಡತ ಹಿಡಿದು ಬೆಳಿಗ್ಗೆ ತಂಪಾನೂರಿನಲ್ಲಿ ಇಳಿದವರು ಇನ್ನೂ ಹಲವರು. ತುಂಬಾದ ಬಾಹ್ಯಾಕಾಶ ಕೇಂದ್ರ ಮತ್ತಷ್ಟು ಮಂದಿಯನ್ನು ತಂದಿತು. ನಮ್ಮ ಐವರಲ್ಲಿ ಒಬ್ಬರು ಅಲ್ಲಿಂದ ನಿವೃತ್ತರಾದವರು; ಒಬ್ಬಾಕೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ದಾದಿ; ಇಬ್ಬರು ಬ್ಯಾಂಕಿನ ವರ್ಗಾವಣೆಯ ದಂಪತಿ; ಐದನೆಯವನು ಕಾರ್ಯವಟ್ಟಂ ಕ್ಯಾಂಪಸ್ಸಿನ ಸಂಶೋಧನಾ ವಿದ್ಯಾರ್ಥಿ, ಕಾಸರಗೋಡಿನ ಹುಡುಗ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪುಸ್ತಕ ಓದುವುದು ನಮ್ಮ ಕೂಟದ ರೂಢಿ. ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಒಳಕೋಣೆಯಲ್ಲಿ ಆಡುತ್ತಾರೆ. ಕನ್ನಡ ಆಡುತ್ತಾರೆ, ಓದುವುದಿಲ್ಲ. ಅವರ ಕಣ್ಣಿಗೆ ಒಗ್ಗಿದ ಲಿಪಿ ಮಲಯಾಳ.

ಕೂಟದ ಹಿರಿಯರು ಪೊಂಗುಮ್ಮೂಡಿನಲ್ಲಿ ಮಗಳ ಮನೆಯಲ್ಲಿರುವ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕರು. ಕಾಸರಗೋಡಿನ ರೂಢಿಯಂತೆ ನಮಗೆಲ್ಲ ಅವರು ಮಾಷ್ಟ್ರು. ಅವರ ಬಳಿ ಹಳೆಯ ಲೆಡ್ಜರ್ ಪುಸ್ತಕವೊಂದಿದೆ. ಪ್ರತಿ ಪುಟದಲ್ಲಿ ನಡುವೆ ಗೆರೆ. ಎಡಕ್ಕೆ ಮಲಯಾಳದ ಮಾತು, ಬಲಕ್ಕೆ ಕನ್ನಡದ್ದು. ಕೆಲವು ಒಂದೇ ಬೇರಿನವು, ಕೆಲವು ನೋಡಲಿಕ್ಕೆ ಒಂದೇ ಇದ್ದು ಅರ್ಥದಲ್ಲಿ ಬೇರೆ ಹಾದಿ ಹಿಡಿದವು. ನಮ್ಮ ಸಂಸಾರ ಮನೆಮಂದಿಯಾದರೆ ಅವರ ಸಂಸಾರಂ ಬರಿಯ ಮಾತುಕತೆ. ನಮ್ಮ ಅವಸರ ಗಡಿಬಿಡಿ, ಅವರದು ಅವಕಾಶ. ನಮ್ಮ ಉಪನ್ಯಾಸವನ್ನು ಕೇಳಬೇಕು, ಅವರ ಉಪನ್ಯಾಸವನ್ನು ಓದಬೇಕು, ಏಕೆಂದರೆ ಅದು ಪ್ರಬಂಧ. ಪಟ್ಟಿ ಎಂದರೆ ಅಲ್ಲಿ ನಾಯಿ. ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಕೇಳಿ ಪೇಚಿಗೆ ಸಿಕ್ಕಿದ ಕನ್ನಡಿಗರ ಕತೆ ಇಲ್ಲಿ ಪ್ರತಿ ಮನೆಯಲ್ಲೂ ಒಂದಿದೆ. ಇಂಥವನ್ನು ಮಾಷ್ಟ್ರು ವರ್ಷಗಟ್ಟಲೆ ಬರೆದಿಟ್ಟದ್ದು ಮೊಮ್ಮಕ್ಕಳಿಗಾಗಿ. ಅವರ ಕಣ್ಣು ಈಗ ಮಂಜಾಗುತ್ತಿದೆ. ಪುಸ್ತಕದ ಶಾಯಿಯೂ ಮಂಜಾಗುತ್ತಿದೆ. ಎರಡರಲ್ಲಿ ಯಾವುದು ಮೊದಲು ಮಾಸುವುದೋ ಎಂದು ಅವರೇ ಒಮ್ಮೆ ನಗುತ್ತ ಕೇಳಿದಾಗ ನಮ್ಮಲ್ಲಿ ಯಾರೂ ನಗಲಿಲ್ಲ.

ಅದನ್ನು ಅಚ್ಚು ಹಾಕಿಸಬಹುದಿತ್ತು. ಆದರೆ ಅಚ್ಚಾದ ಕನ್ನಡವನ್ನು ಓದಬಲ್ಲವರಿಗಾಗಿ ಮಾಷ್ಟ್ರು ಅದನ್ನು ಬರೆದಿರಲಿಲ್ಲ. ಬೇಕಾದದ್ದು ಮುಟ್ಟಿದರೆ ಮಾತಾಡುವ ಪುಸ್ತಕ: ಮಲಯಾಳದ ಮಾತಿನ ಮೇಲೆ ಮಗು ಬೆರಳಿಟ್ಟರೆ ಅದು ಅಕ್ಷರ ಅಕ್ಷರವಾಗಿ ಕನ್ನಡಕ್ಕೆ ತಿರುಗಬೇಕು. ಹೀಗೆ ಸ್ಪಂದಿಸುವ ಪುಟಗಳನ್ನು ಕಟ್ಟುವುದನ್ನು ಕಲಿಸುವ ಸಂಜೆ ತರಗತಿಗೆ ಪ್ರಾಯದ ಮಿತಿ ಇಲ್ಲ ಎಂಬ ಫಲಕವನ್ನು ದಾದಿಯಾಕೆ ಕೆಲಸದಿಂದ ಮರಳುವಾಗ ನೋಡಿ ಬಂದಳು.

ಸಮುದಾಯ ಕಾಲೇಜು ಎಂಬ ಕಲ್ಪನೆ ಮೂಲದಲ್ಲಿ ಅಮೆರಿಕೆಯದು. ಇಲಿನಾಯ್ಸ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಆರಂಭವಾದದ್ದನ್ನು ಆ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಮೊದಲನೆಯದೆನ್ನುತ್ತಾರೆ. ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿ ವಿಶ್ವವಿದ್ಯಾಲಯ ಇಂಥದೊಂದನ್ನು ತೆರೆಯಿತು. ಕೇರಳಕ್ಕೆ ಈ ಹೆಸರು ಹೊಸದಿರಬಹುದು, ಗುಣ ಹೊಸದಲ್ಲ. ಪಿ. ಎನ್. ಪಣಿಕ್ಕರ್ ಊರೂರು ಅಲೆದು ಕಟ್ಟಿದ ಗ್ರಂಥಾಲಯಗಳ ನಾಡು ಇದು. 1991ರ ಏಪ್ರಿಲ್ 18ರಂದು ಸಂಪೂರ್ಣ ಸಾಕ್ಷರವೆಂದು ಸಾರಿಕೊಂಡದ್ದು. 2002ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ಆರಂಭಿಸಿ, ಮನೆಗೊಬ್ಬರಿಗಾದರೂ ಕಂಪ್ಯೂಟರ್ ಕಲಿಸುವೆನೆಂದು ‘ಅಕ್ಷಯ’ ಯೋಜನೆ ಹೂಡಿದ್ದು. ಹಾಗಾಗಿ ಅರುವತ್ತೆರಡರ ಪ್ರಾಯದವರು ಬೆಂಚಿನಲ್ಲಿ ಕುಳಿತರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ತರಗತಿಯಲ್ಲಿ ಒಬ್ಬ ಆಟೋ ಚಾಲಕನಿದ್ದ, ಬೇಕರಿ ನಡೆಸುವ ಅಣ್ಣ ತಮ್ಮಂದಿರಿದ್ದರು, ಸೆಕ್ರೆಟೇರಿಯಟ್ಟಿನ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ಬೆರಳಚ್ಚು ಮಾಡಿದ ಒಬ್ಬ ಚೇಚಿ ಇದ್ದರು. ಪಾಠ ಹೇಳುವಾಕೆ ನಮ್ಮೆಲ್ಲರಿಗಿಂತ ಚಿಕ್ಕವಳು. ಹಗಲು ಟೆಕ್ನೋಪಾರ್ಕಿನಲ್ಲಿ ದುಡಿದು ಸಂಜೆ ಇಲ್ಲಿಗೆ ಬರುವವಳು. ಅವಳನ್ನು ನಾವೆಲ್ಲ ಟೀಚರ್ ಎನ್ನುತ್ತಿದ್ದೆವು. ಅವಳು ನಮ್ಮನ್ನು ಚೇಟ್ಟ, ಚೇಚಿ ಎನ್ನುತ್ತಿದ್ದಳು, ತುಂಬಾದಿಂದ ನಿವೃತ್ತರಾದವರನ್ನು ಮಾತ್ರ ಸಾರ್ ಎನ್ನುತ್ತಿದ್ದಳು.

ಮೊದಲ ವಾರಗಳ ಪಾಠವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಪುಟದ ಒಡಲು ಎಚ್‌ಟಿಎಂಎಲ್, ಅದರ ಉಡುಗೆ ಸಿಎಸ್‌ಎಸ್, ಚಲನೆ ಜಾವಾಸ್ಕ್ರಿಪ್ಟ್. ಮೂರನೆಯದನ್ನು ಬ್ರೆಂಡನ್ ಐಕ್ ಎಂಬವರು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಗಾಗಿ ಹತ್ತು ದಿನಗಳಲ್ಲಿ ರಚಿಸಿದರಂತೆ. ಅವಸರದ ಕೂಸು (ಕನ್ನಡದ ಅರ್ಥದಲ್ಲಿ) ಎಂಬುದು ಅದರ ಕೆಲವು ನಡವಳಿಕೆಗಳಲ್ಲಿ ಇಂದಿಗೂ ಕಾಣುತ್ತದೆ. ಕಾಸರಗೋಡಿನ ಹುಡುಗನಿಗೆ ಮೊದಲೆರಡು ಹೊಸತಲ್ಲ. ಕೇರಳದ ಶಾಲೆಗಳ ಐಟಿ ಪಠ್ಯಪುಸ್ತಕವನ್ನು ಅವನು ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವನು. ಮೂರನೆಯದು ತೊಡಕಾದಾಗ ಅವನು ನಮಗೆ ಹೇಳಿಕೊಟ್ಟದ್ದು ಯಕ್ಷಗಾನದ ಭಾಷೆಯಲ್ಲಿ. ಪಾರ್ತಿಸುಬ್ಬನ ಕುಂಬಳೆಯ ಕಡೆಯವನಿಗೆ ಬೇರೆ ಉಪಮೆ ಹೇಗೆ ಹೊಳೆದೀತು? ಪ್ರಸಂಗದ ಪದ್ಯಗಳು ಎಚ್‌ಟಿಎಂಎಲ್, ಬಣ್ಣ ಮತ್ತು ವೇಷ ಸಿಎಸ್‌ಎಸ್. ಆದರೆ ವೇಷ ಕಟ್ಟಿದವನು ಚೌಕಿಯಲ್ಲಿ ಸುಮ್ಮನೆ ಕುಳಿತಿರುತ್ತಾನೆ, ಕಿವಿ ಮಾತ್ರ ರಂಗದ ಕಡೆಗೆ. ಭಾಗವತರು ಇಂಥ ಪದ ಎತ್ತಿದರೆ, ಚೆಂಡೆ ಇಂಥ ಪೆಟ್ಟು ಕೊಟ್ಟರೆ, ಪರದೆ ಸರಿಸಿ ಹೊರಡಬೇಕು, ಅಲ್ಲಿಯತನಕ ಕಾದಿರಬೇಕು. ಮಗುವಿನ ಬೆರಳಿನ ಮುಟ್ಟುವಿಕೆಯೇ ಆ ಚೆಂಡೆ. ಟೀಚರಿಗೆ ಇದನ್ನು ಮಲಯಾಳದಲ್ಲಿ ಹೇಳಿದಾಗ, ಕಥಕಳಿಯ ಅಣಿಯರದಲ್ಲೂ ಹಾಗೆಯೇ ಎಂದು ಅವಳು ಒಪ್ಪಿದಳು. ಆ ಸಂಜೆಯ ಬಳಿಕ ಇಡೀ ತರಗತಿಗೇ ಚೆಂಡೆ ಎಂಬುದು ಪಾರಿಭಾಷಿಕ ಪದವಾಗಿಬಿಟ್ಟಿತು. ಇನ್ನೊಂದು ಸಂತೋಷವನ್ನೂ ಹೇಳಬೇಕು: ಜಾವಾಸ್ಕ್ರಿಪ್ಟಿನಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲಿಯೇ ಇರಬಹುದು. ‘ಎಣಿಕೆ’, ‘ಮಾತು’, ‘ಮುಂದಿನಅಕ್ಷರ’ ಎಂದು ಬರೆದರೆ ಯಂತ್ರ ತಕರಾರು ಮಾಡುವುದಿಲ್ಲ. ಆಜ್ಞೆಗಳು ಮಾತ್ರ ಇಂಗ್ಲಿಷಿನವೇ.

ಕೆಲಸ ನಿಜವಾಗಿ ಆರಂಭವಾದದ್ದು ಡಿಟಿಪಿಯ ಚೇಚಿಯಿಂದ. ಲೆಡ್ಜರಿನ ಮಾತುಗಳನ್ನು ಯಂತ್ರಕ್ಕೆ ಏರಿಸಬೇಕಿತ್ತು, ನಮ್ಮ ಬೆರಳುಗಳೋ ಎತ್ತಿನ ಗಾಡಿ. ಮಲಯಾಳದ ಕಡೆಯನ್ನು ನಾನು ಮಾಡಿಕೊಡುತ್ತೇನೆ ಎಂದು ಚೇಚಿ ಕುಳಿತರು. ಅವರು ಕಲಿತದ್ದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ಕ್ರಮ. ಆ ದಿನ ಯಂತ್ರದಲ್ಲಿ ಭಾಷೆ ಕನ್ನಡಕ್ಕೆ ತಿರುಗಿಕೊಂಡಿತ್ತು. ಅವರು ತಲೆಯೆತ್ತದೆ ‘ಸಂಸಾರಂ’ ಎಂದು ಮಲಯಾಳದ ಅಭ್ಯಾಸದಲ್ಲಿ ಒತ್ತಿದರು, ಪರದೆಯ ಮೇಲೆ ಕನ್ನಡದಲ್ಲಿ ‘ಸಂಸಾರಂ’ ಎಂದು ಮೂಡಿತು. ಕನ್ನಡದ ಒಂದಕ್ಷರವನ್ನೂ ಓದಲಾರದ ಆಕೆ ತಪ್ಪಿಲ್ಲದ ಕನ್ನಡ ಬರೆಯುತ್ತಿದ್ದರು. ನಾವು ಸುತ್ತ ನಿಂತು ನೋಡಿದೆವು. ಇದೇನು ಬರೆದೆ ನಾನು ಎಂದು ಅವರು ಕೇಳಿದರು. ನಿಮ್ಮ ಮಾತನ್ನೇ ನಮ್ಮ ಲಿಪಿಯಲ್ಲಿ ಎಂದೆವು.

ಇದರ ಕಾರಣ ಪವಾಡವಲ್ಲ. 1980ರ ದಶಕದಲ್ಲಿ ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ರೂಪಿಸಿದವರು ಎಲ್ಲ ಲಿಪಿಗಳ ಒಂದೇ ಧ್ವನಿಯ ಅಕ್ಷರಕ್ಕೆ ಒಂದೇ ಸ್ಥಾನ ಕೊಟ್ಟರು. ಕೀಲಿಮಣೆಯಲ್ಲೂ ಹಾಗೆಯೇ. 1991ರಲ್ಲಿ ಹೊರಬಂದ ಯೂನಿಕೋಡ್ ಆ ಅಚ್ಚನ್ನೇ ಉಳಿಸಿಕೊಂಡು, ಒಂದೊಂದು ಲಿಪಿಗೂ 128 ಮನೆಗಳ ಒಂದೊಂದು ಕೇರಿಯನ್ನು ಹಂಚಿತು. ಕನ್ನಡದ ಕೇರಿಯ ಬೆನ್ನಿಗೇ ಮಲಯಾಳದ ಕೇರಿ. ಟೀಚರ್ ಇದನ್ನು ಹೇಳಿ ಮುಗಿಸಲಿಲ್ಲ, ಯಂತ್ರವನ್ನೇ ಕೇಳಿ ಎಂದಳು. ಮಲಯಾಳದ ಕ ಎಷ್ಟನೆಯದು? 3349. ಕನ್ನಡದ ಕ? 3221. ಮಲಯಾಳದ ಮ, ಕನ್ನಡದ ಮ, ರ, ರ. ಪ್ರತಿಯೊಂದಕ್ಕೂ ವ್ಯತ್ಯಾಸ ಅದೇ 128. ಮಗುವಿನ ಬೆರಳು ತಾಗಿದೊಡನೆ ಒಂದೊಂದೇ ಅಕ್ಷರದಿಂದ 128ನ್ನು ಕಳೆ, ಉಳಿದದ್ದನ್ನು ತೋರಿಸು: ನಾವು ಬರೆಯಬೇಕಾದ ಆಜ್ಞೆ ಇಷ್ಟೇ ಆಗಿತ್ತು. ಎರಡು ಭಾಷೆಗಳ ನಂಟಿನ ಬಗ್ಗೆ ಕೂಟದಲ್ಲಿ ಎಷ್ಟೋ ಮಾತಾಡಿದ್ದೇವೆ. ಅದು ಹೀಗೊಂದು ಸಂಖ್ಯೆಯಾಗಿ ಕಣ್ಣೆದುರು ನಿಂತದ್ದು ಅದೇ ಮೊದಲು.

ಬಹುಪಾಲು ಮಾತುಗಳು ಆಜ್ಞೆಗೆ ಮಣಿದವು. ‘ಉಳ್ಳೂರ್’ ಮಾತ್ರ ಕೊನೆಯಲ್ಲಿ ಮೊಂಡಾಯಿತು. ಮಲಯಾಳದಲ್ಲಿ ಸ್ವರವಿಲ್ಲದ ರಕಾರಕ್ಕೆ ಚಿಲ್ಲು ಎಂಬ ಪ್ರತ್ಯೇಕ ಅಕ್ಷರವಿದೆ. ಅಂಥವಕ್ಕೆ ಯೂನಿಕೋಡಿನಲ್ಲಿ ಸ್ವಂತ ಮನೆ ಸಿಕ್ಕಿದ್ದು ದೀರ್ಘ ವಾಗ್ವಾದದ ಬಳಿಕ, 2008ರಲ್ಲಿ. ನಮ್ಮ ಕೇರಿಯಲ್ಲಿ ಅದಕ್ಕೆ ಜೋಡಿ ಇಲ್ಲ. ಚಿಲ್ಲು ಬಂದಾಗ ರ್ ಎಂದು ಬರೆ ಎಂಬ ಸಾಲೊಂದನ್ನು ಸೇರಿಸಿದ ಮೇಲೆ ಊರಿನ ಹೆಸರು ಪೂರ್ತಿಯಾಗಿ ಕನ್ನಡಕ್ಕೆ ದಾಟಿತು.

ಆಮೇಲೆ ಬಂದದ್ದು ‘ಮಳೆ’. ಮಲಯಾಳದವರು ಅದನ್ನು ‘ಮೞ’ ಎನ್ನುತ್ತಾರೆ. ಹಳಗನ್ನಡದಲ್ಲಿ ನಾವೂ ಮೞೆ ಎನ್ನುತ್ತಿದ್ದೆವು. ನಡುಗನ್ನಡದ ಹೊತ್ತಿಗೆ ಆ ೞ ನಮ್ಮ ನಾಲಗೆಯಿಂದ ಜಾರಿತು. ಕೋಳಿ, ಬಾಳೆ, ಏಳು ಎಲ್ಲವೂ ಹೀಗೆ ಬದಲಾದ ಮಾತುಗಳೇ. ಮಲಯಾಳದ ೞ 3380ನೆಯ ಮನೆಯಲ್ಲಿದೆ. ಅದರಿಂದ 128 ಕಳೆದರೆ 3252. ಕನ್ನಡದ ಕೇರಿಯಲ್ಲಿ 3251 ಳಕಾರದ್ದು, 3253 ವಕಾರದ್ದು. ನಡುವಿನ ಮನೆಯಲ್ಲಿ ಯಾರೂ ಇಲ್ಲ. ಪರದೆಯ ಮೇಲೆ ಮ ಎಂಬುದರ ಪಕ್ಕ ಒಂದು ಚಿಕ್ಕ ಖಾಲಿ ಚೌಕ ಕಾಣಿಸಿತು.

ಆ ಚೌಕವನ್ನು ನಾವು ಬಹಳ ಹೊತ್ತು ನೋಡಿದೆವು. ನಮ್ಮ ೞ ಯೂನಿಕೋಡಿನಲ್ಲಿ ಇಲ್ಲವೆಂದಲ್ಲ. ಕೇರಿಯ ಇನ್ನೊಂದು ಕೊನೆಯಲ್ಲಿ, 3294ರಲ್ಲಿ ಇದೆ. ಅಲ್ಲಿ ಅದರ ಇಂಗ್ಲಿಷ್ ಹೆಸರನ್ನು ‘ಫ’ ಎಂದು ದಾಖಲಿಸಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಆ ಸಂಸ್ಥೆಯ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯ ಅಡಿಟಿಪ್ಪಣಿಯಂತೆ ಪಕ್ಕದಲ್ಲಿ ಬರೆದು, ತಪ್ಪು ಹೆಸರನ್ನು ಹಾಗೆಯೇ ಬಿಟ್ಟಿದ್ದಾರೆ. ಶಾಸನಗಳಲ್ಲಿ ಓಡಾಡಿದ ಅಕ್ಷರವೊಂದು ಜಗತ್ತಿನ ಎಲ್ಲ ಯಂತ್ರಗಳಲ್ಲಿ ಬೇರೊಬ್ಬರ ಹೆಸರಿನಲ್ಲಿ ವಾಸವಾಗಿದೆ. ಮಾಷ್ಟ್ರಿಗೆ ಇದನ್ನು ಹೇಳಿದಾಗ, ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರಿಗೂ ಅದೇ ಗತಿಯಲ್ಲವೇ ಮಾರಾಯ್ರೆ ಎಂದರು. ಕೊನೆಗೆ ಅವರದೇ ಸಲಹೆಯಂತೆ ಮಾಡಿದೆವು: ಮಗು ‘ಮೞ’ವನ್ನು ಮುಟ್ಟಿದರೆ ಮೊದಲು ಮೞೆ ಎಂದು ಹಳೆಯ ಅಕ್ಷರ ಬರುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಮಳೆ ಎಂದಾಗುತ್ತದೆ.

ಮಾತುಗಳನ್ನು ಅಕಾರಾದಿಯಾಗಿ ಜೋಡಿಸುವುದು ಮುಂದಿನ ಕೆಲಸ. ಅದಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಒಂದೇ ಪದದ ಆಜ್ಞೆ ಸಾಕು. ಜೋಡಿಸಿದ್ದನ್ನು ಒಂದು ಭಾನುವಾರ ಪೊಂಗುಮ್ಮೂಡಿನ ಜಗಲಿಯಲ್ಲಿ ಕುಳಿತು ಮಾಷ್ಟ್ರಿಗೆ ಓದಿ ಹೇಳಿದೆವು, ಏಕೆಂದರೆ ಪರದೆಯನ್ನು ನೋಡಿದರೆ ಅವರ ಕಣ್ಣಲ್ಲಿ ನೀರಿಳಿಯುತ್ತದೆ. ಉಪನ್ಯಾಸ ಕಳೆದು, ಉಳ್ಳಿ ಬಂದು, ಆಮೇಲೆ ಉಷ್ಣ ಎಂದಾಗ ಅವರು ಕೈಯೆತ್ತಿದರು. ಉಳ್ಳಿ ಹೇಗೆ ಮೊದಲು ಬಂತು? ಬಸಳೆಗಿಂತ ಮೊದಲು ಬಳೆ, ಹಸುವಿಗಿಂತ ಮೊದಲು ಹಳ್ಳಿ. ಅವರು ಪ್ರತಿ ಸಲವೂ ತಡೆದರು. “ಯ ರ ಲ ವ ಶ ಷ ಸ ಹ ಳ. ಳ ಕೊನೆಗೆ ಅಲ್ಲವೋ? ಇದು ಯಾರ ವರ್ಣಮಾಲೆ ಮಾರಾಯ್ರೆ?”

ಪ್ರಶ್ನೆ ಸರಿಯಾದದ್ದು. ಆ ಒಂದೇ ಪದದ ಆಜ್ಞೆ ಮನೆಸಂಖ್ಯೆಯ ಕ್ರಮವನ್ನು ಮಾತ್ರ ನೋಡುತ್ತದೆ. ಎಲ್ಲ ಲಿಪಿಗಳಿಗೂ ಒಂದೇ ಅಚ್ಚು ಮಾಡುವಾಗ ನಾಗರಿಯನ್ನು ಮಾದರಿಯಾಗಿ ಹಿಡಿದು, ಲಕಾರದ ನೆಂಟನೆಂದು ಳಕಾರವನ್ನು ಅದರ ಪಕ್ಕದಲ್ಲಿ ಕೂರಿಸಿದ್ದಾರೆ. ಕನ್ನಡದ ಮಗು ಬಾಯಿಪಾಠ ಮಾಡುವ ಕ್ರಮ ಅದಲ್ಲ. ಡಿಟಿಪಿಯ ಚೇಚಿ ಕನ್ನಡ ಬರೆಯಲು ಸಾಧ್ಯವಾದದ್ದೂ ಈ ಏಕರೂಪತೆಯಿಂದಲೇ ಎಂಬುದನ್ನು ನಾವು ಮರೆಯಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದನ್ನು ಅದು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತ್ತು. ತರಗತಿಯಲ್ಲಿ ಈ ವಿಷಯ ಎತ್ತಿದಾಗ ಟೀಚರ್ ಕರಿಹಲಗೆಯ ಮೇಲೆ ಮಲಯಾಳದ ವರ್ಣಮಾಲೆಯನ್ನು ಬರೆದು ತೋರಿಸಿದಳು. ಅವರಿಗೂ ಹಕಾರದ ಬಳಿಕವೇ ಳ, ೞ, ಱ. ಯಂತ್ರ ಅವರ ಕ್ರಮವನ್ನೂ ಕೇಳಿಲ್ಲ. ಬೇಕರಿಯ ಅಣ್ಣ ತಮ್ಮಂದಿರು ತಮ್ಮ ತಿಂಡಿಗಳ ಸಾಲನ್ನು ಹೊಸದಾಗಿ ಪರೀಕ್ಷಿಸಿ ನೋಡಿದ್ದು ಆ ಸಂಜೆ.

ಭಾಷೆ ಯಾವುದೆಂದು ತಿಳಿಸಿ ಹೋಲಿಸುವ ಸಿದ್ಧ ಸೌಲಭ್ಯವೂ ಬ್ರೌಸರಿನಲ್ಲಿ ಇದೆ, ಬೇಕಾದರೆ ಅದನ್ನು ಬಳಸಿ ಎಂದು ಟೀಚರ್ ಹೇಳಿದಳು. ಮಾಷ್ಟ್ರು ಒಪ್ಪಲಿಲ್ಲ, ಅವರಿಗೆ ಱ, ೞ ಎರಡಕ್ಕೂ ತಾವು ಕಲಿತ ಜಾಗವೇ ಬೇಕಿತ್ತು. ಹಾಗಾಗಿ ಅವರು ಒಂದೊಂದೇ ಅಕ್ಷರ ಹೇಳಿದರು, ನಾವು ಅದೇ ಸಾಲಿನಲ್ಲಿ ಬರೆದುಕೊಂಡು, ಈ ಸಾಲನ್ನು ನೋಡಿ ಜೋಡಿಸು ಎಂದು ಯಂತ್ರಕ್ಕೆ ವಿಧಿಸಿದೆವು. ನಮ್ಮ ಇಡೀ ಪುಟದಲ್ಲಿ ನಮಗೆ ಅತಿ ಪ್ರಿಯವಾದ ಸಾಲು ಇದೇ: ಅಲ್ಪವಿರಾಮಗಳ ನಡುವೆ, ಉದ್ಧರಣ ಚಿಹ್ನೆಗಳ ಒಳಗೆ, ಅ ಆ ಇ ಈ ಎಂದು ತೊಡಗಿ ಒಬ್ಬ ಅಧ್ಯಾಪಕರ ಬಾಯಿಯಿಂದ ನೇರವಾಗಿ ಇಳಿದ ವರ್ಣಮಾಲೆ. ಇಂಥ ಕೆಲಸವನ್ನು ಬೆಂಗಳೂರಿನಲ್ಲಿ ಯಾರಾದರೂ ಮಾಡಿಯಾರು ಎಂದು ನಾವು ಹೊರನಾಡಿನವರು ಕಾಯುವುದುಂಟು. ಅವರು ಮಾಡುತ್ತಲೂ ಇದ್ದಾರೆ, ನಮಗಿಂತ ಚೆನ್ನಾಗಿ. ಆದರೆ ಮಲಯಾಳ ಓದುವ ಕನ್ನಡದ ಮಗು ಅವರ ಕಣ್ಣೆದುರಿಗೆ ಇಲ್ಲ, ನಮ್ಮ ಒಳಕೋಣೆಯಲ್ಲಿದೆ.

ನಡುವೆ ಒಂದು ತಮಾಷೆ. ‘ಉಳ್ಳೂರು’ ಎಂಬುದರ ಉದ್ದವೆಷ್ಟು ಎಂದು ಯಂತ್ರವನ್ನು ಕೇಳಿದರೆ 7 ಎನ್ನುತ್ತದೆ. ಅದಕ್ಕೆ ಳಕಾರದ ಒತ್ತೂ ಒಂದು, ವಿರಾಮವೂ ಒಂದು, ಊಕಾರದ ಚಿಹ್ನೆಯೂ ಒಂದು. ನಮ್ಮ ಕಣ್ಣಿಗೆ ಅಲ್ಲಿರುವುದು 3 ಅಕ್ಷರ. ಮಾಷ್ಟ್ರು ಬೆರಳು ಮಡಿಸಿ, ಉ ಒತ್ತಕ್ಷರದ ಹಿಂದಿನದಾದ್ದರಿಂದ ಗುರು, ಳ್ಳೂ ಗುರು, ರು ಲಘು, ಒಟ್ಟು 5 ಮಾತ್ರೆ ಎಂದರು. ನಿವೃತ್ತ ವಿಜ್ಞಾನಿಗಳಿಗೆ ಈ ಮೂರು ಲೆಕ್ಕಗಳೂ ಏಕಕಾಲಕ್ಕೆ ಸರಿ ಎಂಬುದೇ ದೊಡ್ಡ ಸೋಜಿಗ. ಅವರು ಈಗ ಪ್ರಸ್ತಾರ ಹಾಕುವ ಪುಟವೊಂದನ್ನು ಬೇರೆಯಾಗಿ ಕಟ್ಟುತ್ತಿದ್ದಾರೆ.

ಕರ್ಕಾಟಕ ಮಾಸದ ಮಳೆ ಬಿಡದ ಒಂದು ಸಂಜೆ ಪುಟವನ್ನು ಮಕ್ಕಳ ಕೈಗೆ ಕೊಟ್ಟೆವು. ಅವರು ನಾವು ಯೋಜಿಸಿದಂತೆ ಬಳಸಲಿಲ್ಲ. ಕನ್ನಡವನ್ನು ಮತ್ತೆ ಮಲಯಾಳಕ್ಕೆ ತಿರುಗಿಸಬೇಕೆಂದು ಹಟ ಮಾಡಿದರು. 128 ಕೂಡಿಸುವ ಇನ್ನೊಂದು ಗುಂಡಿಯನ್ನು ಕಾಸರಗೋಡಿನ ಹುಡುಗ ಅಲ್ಲಿಯೇ ಕುಳಿತು ಸೇರಿಸಿದ. ಆಮೇಲೆ ಆಟ ಜೋರಾಯಿತು. ಮಾಷ್ಟ್ರ ಎಂಟು ವರ್ಷದ ಮೊಮ್ಮಗಳು ‘ಪಟ್ಟಿ’ಯನ್ನು ಹತ್ತಾರು ಸಲ ಅತ್ತಿಂದಿತ್ತ ಮಾಡಿ, ನಾಯಿ ಪಟ್ಟಿಯಾಗುವುದನ್ನೂ ಪಟ್ಟಿ ನಾಯಿಯಾಗುವುದನ್ನೂ ನೋಡಿ ನಕ್ಕಳು. ಮೂರನೆಯ ದಿನ ಅವಳು ಅಜ್ಜನ ಲೆಡ್ಜರನ್ನೇ ತೆಗೆದು, ಬಲಗಡೆಯ ಸಾಲಿಗೆ ಬೆರಳಿಟ್ಟು, ಬಾ... ಳೆ... ಎಂದು ಒಡೆದು ಒಡೆದು ಓದಿದಳೆಂದು ಅವಳ ತಾಯಿ ನಮಗೆ ಫೋನು ಮಾಡಿ ತಿಳಿಸಿದರು. ಮಾಷ್ಟ್ರು ಆಗ ಮಲಗಿದ್ದರಂತೆ, ಏಳಿಸಲಿಲ್ಲವಂತೆ.

ತರಗತಿ ಓಣಂಗೆ ಮೊದಲೇ ಮುಗಿಯಿತು. ಡಿಟಿಪಿಯ ಚೇಚಿ ಭಾನುವಾರಗಳಲ್ಲಿ ಈಗಲೂ ಬರುತ್ತಾರೆ. ಅವರು ಕನ್ನಡ ಅಕ್ಷರ ಕಲಿಯಲು ತೊಡಗಿದ್ದಾರೆ. ತಾವು ಒತ್ತಿದ್ದು ಏನೆಂದು ತಮಗೇ ತಿಳಿಯಬೇಕಂತೆ. ಲೆಡ್ಜರಿನಲ್ಲಿ ಸಕಾರದ ತನಕ ಏರಿಸಿಯಾಗಿದೆ. ಹಕಾರದ ಪುಟಗಳಿಗೆ ಒಂದು ಮಳೆಗಾಲದಲ್ಲಿ ನೀರು ಬಿದ್ದಿದೆ, ಕೆಲವು ಸಾಲುಗಳನ್ನು ಮಾಷ್ಟ್ರು ನೆನಪಿನಿಂದಲೇ ಹೇಳಬೇಕು. ಬರುವ ಭಾನುವಾರ ಬೆಳಿಗ್ಗೆ, ಅವರ ಕಣ್ಣಿಗೆ ಮದ್ದು ಹಾಕುವ ಮೊದಲು, ನಾವು ಅಲ್ಲಿಗೆ ಹೋಗುವವರಿದ್ದೇವೆ.